ಕುಡುಗೋಲು ಕಣದ ವಾಹಕರಲ್ಲಿ ‘ದುರ್ಬಲ’ ಜೀನ್ ನಿಜಕ್ಕೂ ಅಡಗಿ ಕುಳಿತಿರುತ್ತದೆಯೇ?

ಪ್ರಶ್ನೆ: ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಹೆಗ್ಗಡದೇವನಕೋಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಹತ್ತನೇ ತರಗತಿಯಲ್ಲಿ ಮೆಂಡೆಲನ ಬಟಾಣಿ ಪ್ರಯೋಗಗಳನ್ನು ವಿವರಿಸುತ್ತಾ, ಪ್ರತಿ ವರ್ಷ ಹೇಳುವಂತೆಯೇ, “ಪ್ರಬಲ ಗುಣವು ದುರ್ಬಲ ಗುಣವನ್ನು ಅಡಗಿಸಿಡುತ್ತದೆ” ಎಂದು ಹೇಳಿದೆ. ಪಾಠ ಮುಗಿದ ಮೇಲೆ ಹಾಡಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದು, ಸಿಕಲ್ ಸೆಲ್ (ಕುಡುಗೋಲು ಕಣ ಎಂಬ ಆನುವಂಶಿಕ ರಕ್ತದ ಕಾಯಿಲೆ) ತಪಾಸಣೆಯ ನಂತರ ತನಗೆ ಕೊಟ್ಟಿದ್ದ ಕಾರ್ಡನ್ನು ತೋರಿಸಿದಳು. ಆಕೆ ರೋಗಿಯಲ್ಲ, ವಾಹಕಿ (ಕಾಯಿಲೆಯ ಜೀನಿನ ಒಂದೇ ಪ್ರತಿ ಇರುವವಳು) ಎಂದು ಅದರಲ್ಲಿತ್ತು. “ಮಿಸ್, ನನ್ನೊಳಗಿನ ಒಳ್ಳೆಯ ಜೀನು ಕೆಟ್ಟ ಜೀನನ್ನು ಅಡಗಿಸಿಟ್ಟಿದ್ದರೆ ಅದು ರಕ್ತಪರೀಕ್ಷೆಗೆ ಹೇಗೆ ಸಿಕ್ಕಿತು? ಒಳ್ಳೆಯದರ ಶಕ್ತಿ ಮುಂದೆಂದಾದರೂ ಕಡಿಮೆಯಾದರೆ ಕೆಟ್ಟದ್ದು ಎದ್ದು ಬರುತ್ತದೆಯೇ?” ಎಂದು ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದು ಕಳಿಸಿದೆ; ಆ ನಾಳೆ ಇನ್ನೂ ಬಂದಿಲ್ಲ. ಅನುವಂಶೀಯತೆಯನ್ನು ಒಂದು ಅಧ್ಯಾಯದಲ್ಲಿಯೂ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನುಗಳನ್ನು ಮತ್ತೊಂದು ಅಧ್ಯಾಯದಲ್ಲಿಯೂ ಓದಿದವಳು ನಾನು. ಒಂದು ಜೀನ್ ಇನ್ನೊಂದರ ಮೇಲೆ ‘ಪ್ರಬಲ’ವಾಗುವುದು ಎಂದರೆ ಅಣುಗಳ ಮಟ್ಟದಲ್ಲಿ ನಡೆಯುವುದೇನು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ನಾನಾಗಿ ಕೇಳಿಕೊಂಡಿರಲೂ ಇಲ್ಲ. ಹದಿನೈದು ವರ್ಷದ ಆ ಹುಡುಗಿಗೆ ಅರ್ಥವಾಗುವಂತೆ, ಆದರೆ ಸುಳ್ಳಾಗದಂತೆ, ಇದನ್ನು ಹೇಗೆ ವಿವರಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಜೀವರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ, ಮೈಸೂರು

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಬಹಳ ಒಳ್ಳೆಯ ಪ್ರಶ್ನೆ. ಮೊದಲು ನೇರ ಉತ್ತರವನ್ನು ಹೇಳಿಬಿಡುತ್ತೇನೆ: ಆಕೆಯ ದೇಹದಲ್ಲಿ ಯಾವ ಜೀನೂ ಯಾವ ಜೀನನ್ನೂ ಅಡಗಿಸಿಟ್ಟಿಲ್ಲ. ತಾಯಿಯಿಂದ ಬಂದದ್ದು, ತಂದೆಯಿಂದ ಬಂದದ್ದು, ಎರಡೂ ಪ್ರತಿದಿನ ಓದಲ್ಪಡುತ್ತಿವೆ, ಎರಡರಿಂದಲೂ ಪ್ರೋಟೀನ್ ತಯಾರಾಗುತ್ತಿದೆ. ಆಕೆಯ ಒಂದೊಂದು ಕೆಂಪು ರಕ್ತಕಣದಲ್ಲೂ ಎರಡೂ ಬಗೆಯ ಹಿಮೋಗ್ಲೋಬಿನ್ ಒಟ್ಟಿಗೇ ಇವೆ. ಅದರಿಂದಲೇ ಪರೀಕ್ಷೆಗೆ ಸಿಕ್ಕಿತು.

ಇದನ್ನು ಹಂತ ಹಂತವಾಗಿ ನೋಡೋಣ. ವಯಸ್ಕರ ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿರುತ್ತವೆ: 141 ಅಮೈನೋ ಆಮ್ಲಗಳ ಎರಡು ಆಲ್ಫಾ ಸರಪಳಿಗಳು, 146 ಅಮೈನೋ ಆಮ್ಲಗಳ ಎರಡು ಬೀಟಾ ಸರಪಳಿಗಳು. ಬೀಟಾ ಸರಪಳಿಯ ಬರಹ ಇರುವುದು 11ನೇ ವರ್ಣತಂತುವಿನಲ್ಲಿ. ಈ ವರ್ಣತಂತು ಪ್ರತಿಯೊಬ್ಬರಲ್ಲೂ ಜೋಡಿಯಾಗಿರುವುದರಿಂದ ಬೀಟಾ ಜೀನಿನ ಪ್ರತಿಗಳೂ ಎರಡು. ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿ ಈ ಜೀನ್ ಇದ್ದರೂ ಅದನ್ನು ಓದುವುದು ಅಸ್ಥಿಮಜ್ಜೆಯಲ್ಲಿ ಕೆಂಪುಕಣಗಳಾಗಿ ಬೆಳೆಯುತ್ತಿರುವ ಕೋಶಗಳು ಮಾತ್ರ. ಅಲ್ಲಿ ಕೋಶಕೇಂದ್ರದೊಳಗೆ ಒಂದು ಕಿಣ್ವವು ಡಿಎನ್‌ಎಯ ಎಳೆಗಳನ್ನು ಸ್ವಲ್ಪ ದೂರದವರೆಗೆ ಬಿಡಿಸಿ, ಒಂದು ಎಳೆಯನ್ನು ಅಚ್ಚಾಗಿಟ್ಟುಕೊಂಡು ಆರ್‌ಎನ್‌ಎ ಪ್ರತಿಯನ್ನು ತೆಗೆಯುತ್ತದೆ. ಸುಮಾರು 1600 ಅಕ್ಷರಗಳ ಈ ಜೀನಿನ ನಡುವೆ ಪ್ರೋಟೀನಿಗೆ ಬೇಕಿಲ್ಲದ ಎರಡು ಭಾಗಗಳಿವೆ. ಅವನ್ನು ಕತ್ತರಿಸಿ ತೆಗೆದು, ಉಳಿದ ಮೂರು ತುಂಡುಗಳನ್ನು ಜೋಡಿಸಿದ ಮೇಲೆ ದೊರೆಯುವ ಎಂಆರ್‌ಎನ್‌ಎ ಕೋಶಕೇಂದ್ರದಿಂದ ಹೊರಬಂದು, ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮನ್ನು ಸೇರುತ್ತದೆ.

ಎ, ಯು, ಜಿ, ಸಿ ಎಂಬ ನಾಲ್ಕೇ ರಾಸಾಯನಿಕ ಅಕ್ಷರಗಳಿರುವ ಈ ಬರಹವನ್ನು ರೈಬೋಸೋಮ್ ಮೂರು ಮೂರು ಅಕ್ಷರಗಳ ಪದಗಳಾಗಿ ಓದುತ್ತದೆ. ಬೀಟಾ ಸರಪಳಿಯ ಬರಹದ ಮೊದಲ ಪದಗಳು ಹೀಗಿವೆ: ಎಯುಜಿ, ಜಿಯುಜಿ, ಸಿಎಯು, ಸಿಯುಜಿ, ಎಸಿಯು, ಸಿಸಿಯು, ಜಿಎಜಿ. ಎಯುಜಿ ಎಂದರೆ ‘ಇಲ್ಲಿಂದ ಆರಂಭಿಸು’ ಎಂದೂ ಹೌದು, ಮೀಥಿಯೊನಿನ್ ಎಂಬ ಅಮೈನೋ ಆಮ್ಲವೂ ಹೌದು. ನಂತರ ಕ್ರಮವಾಗಿ ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೊನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ. ಒಂದೊಂದು ಪದಕ್ಕೂ ತಕ್ಕ ಅಮೈನೋ ಆಮ್ಲವನ್ನು ಹೊತ್ತು ತರುವುದು ಟಿಆರ್‌ಎನ್‌ಎ. ಈ ಪದಕೋಶವನ್ನು ಬಿಡಿಸಿದ ಕೆಲಸಕ್ಕಾಗಿ ನಮ್ಮ ಹರಗೋಬಿಂದ ಖುರಾನಾ ಅವರು 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ರೈಬೋಸೋಮಿನ ರಚನೆಯನ್ನು ತೋರಿಸಿಕೊಟ್ಟವರಲ್ಲಿ ಒಬ್ಬರಾದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೆ 2009ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಮಕ್ಕಳಿಗೆ ಈ ಹೆಸರುಗಳನ್ನು ತಪ್ಪದೆ ಹೇಳಿ.

ಕುಡುಗೋಲು ಕಣದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬೇರೆ. ಜಿಎಜಿ ಇರಬೇಕಾದ ಏಳನೇ ಪದದಲ್ಲಿ ಜಿಯುಜಿ ಇದೆ. ಅಂದರೆ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಇದೇ ಜಿಯುಜಿ ಪದ ಎರಡನೇ ಸ್ಥಾನದಲ್ಲಿ ನಮ್ಮೆಲ್ಲರಲ್ಲೂ ಇದೆ, ಅಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ‘ಕೆಟ್ಟ ಅಕ್ಷರ’ ಎಂಬುದೊಂದಿಲ್ಲ. ಅದು ಯಾವ ಸ್ಥಾನದಲ್ಲಿದೆ ಎಂಬುದೇ ಮುಖ್ಯ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಾವೇಶವಿದೆ, ಅದು ನೀರಿನೊಂದಿಗೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ನೀರನ್ನು ಒಲ್ಲದು. ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಅದರ ಆಕಾರ ಬದಲಾಗಿ, ಬೀಟಾ ಸರಪಳಿಯ ಮೇಲೆ ಒಂದು ಸಣ್ಣ ಕುಳಿ ತೆರೆದುಕೊಳ್ಳುತ್ತದೆ. ಪಕ್ಕದ ಅಣುವಿನ ವ್ಯಾಲಿನ್ ಆ ಕುಳಿಯಲ್ಲಿ ಸರಿಯಾಗಿ ಕೂರುತ್ತದೆ. ಒಂದಕ್ಕೊಂದು, ಅದಕ್ಕೆ ಮತ್ತೊಂದು ಅಂಟಿಕೊಂಡು ಉದ್ದನೆಯ ನಾರುಗಳಾಗುತ್ತವೆ. ಆ ನಾರುಗಳೇ ದುಂಡಗಿನ ಕಣವನ್ನು ಒಳಗಿನಿಂದ ಎಳೆದು ಕುಡುಗೋಲಿನಂತೆ ಬಾಗಿಸುತ್ತವೆ.

ಇಬ್ಬರು ತಂದೆತಾಯಿಗಳಿಂದಲೂ ಈ ಬರಹವನ್ನೇ ಪಡೆದವರಲ್ಲಿ ಸಾಮಾನ್ಯ ಬೀಟಾ ಸರಪಳಿ ತಯಾರಾಗುವುದೇ ಇಲ್ಲ. ನಿಮ್ಮ ವಿದ್ಯಾರ್ಥಿನಿಯಂತಹ ವಾಹಕರಲ್ಲಿ ಒಟ್ಟು ಹಿಮೋಗ್ಲೋಬಿನ್‌ನ ಶೇ. 35ರಿಂದ 40ರಷ್ಟು ಕುಡುಗೋಲು ಬಗೆಯದ್ದು, ಉಳಿದದ್ದು ಬಹುಪಾಲು ಸಾಮಾನ್ಯ ಬಗೆಯದ್ದು. ಅರ್ಧಕ್ಕರ್ಧ ಏಕಿಲ್ಲ ಎಂದು ಆಕೆ ಕೇಳಿಯೇ ಕೇಳುತ್ತಾಳೆ. ಜೀನ್ ಸೋತದ್ದರಿಂದಲ್ಲ, ಋಣಾವೇಶ ಹೆಚ್ಚಿರುವ ಸಾಮಾನ್ಯ ಬೀಟಾ ಸರಪಳಿಯೊಂದಿಗೆ ಆಲ್ಫಾ ಸರಪಳಿ ಹೆಚ್ಚು ಸುಲಭವಾಗಿ ಜೋಡಿಯಾಗುತ್ತದೆ, ಅಷ್ಟೇ. ನಾರು ಕಟ್ಟುವ ವೇಗವು ಕುಡುಗೋಲು ಹಿಮೋಗ್ಲೋಬಿನ್‌ನ ಸಾಂದ್ರತೆಯನ್ನು ಬಹಳ ತೀವ್ರವಾಗಿ ಅವಲಂಬಿಸಿರುವುದರಿಂದ, ಇಷ್ಟು ಬೆರಕೆಯಿದ್ದರೆ ನಾರು ಮೂಡುವ ಮೊದಲೇ ರಕ್ತಕಣವು ಶ್ವಾಸಕೋಶಕ್ಕೆ ಮರಳಿ ಆಮ್ಲಜನಕವನ್ನು ತುಂಬಿಕೊಂಡಿರುತ್ತದೆ. ಆಕೆಗೆ ಕಾಯಿಲೆಯಿಲ್ಲದಿರುವುದಕ್ಕೆ ಕಾರಣ ಇದು. ಈ ಪ್ರಮಾಣ ವಯಸ್ಸಾದಂತೆ ಏರುತ್ತಾ ಹೋಗುವುದಿಲ್ಲ. ಆದ್ದರಿಂದ ಮುಂದೆ ‘ಎದ್ದು ಬರುತ್ತದೆ’ ಎಂಬ ಭಯ ಆಕೆಗೆ ಬೇಡ.

ಇದೆಲ್ಲ ತಿಳಿದ ಕ್ರಮವೂ ಕುತೂಹಲಕರವಾಗಿದೆ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ವಿದ್ಯುತ್ ಕ್ಷೇತ್ರದಲ್ಲಿ ಹಿಮೋಗ್ಲೋಬಿನ್ ಸರಿಯುವ ವೇಗವನ್ನು ಅಳೆದು, ರೋಗಿಗಳ ಹಿಮೋಗ್ಲೋಬಿನ್ ಬೇರೆಯೇ ಎಂದೂ ವಾಹಕರಲ್ಲಿ ಎರಡೂ ಬಗೆಗಳಿವೆ ಎಂದೂ ತೋರಿಸಿದರು. ಅದೇ ವರ್ಷ ಜೇಮ್ಸ್ ನೀಲ್ ಅವರು ಇದು ಮೆಂಡೆಲನ ನಿಯಮದಂತೆಯೇ ವಂಶದಲ್ಲಿ ಹರಿಯುತ್ತದೆಂದು ತೋರಿಸಿದ್ದರು. 1956ರಲ್ಲಿ ವರ್ನನ್ ಇಂಗ್ರಾಮ್ ಅವರು ಹಿಮೋಗ್ಲೋಬಿನ್‌ನ್ನು ಟ್ರಿಪ್ಸಿನ್ ಕಿಣ್ವದಿಂದ ಸಣ್ಣ ತುಂಡುಗಳಾಗಿಸಿ ಕಾಗದದ ಮೇಲೆ ಹರಡಿದಾಗ ಒಂದೇ ಒಂದು ತುಂಡು ತನ್ನ ಸ್ಥಾನ ತಪ್ಪಿತ್ತು. ಮರುವರ್ಷ ಆ ಅಮೈನೋ ಆಮ್ಲವನ್ನೇ ಗುರುತಿಸಿದರು. ಪದಕೋಶದ ಮೊದಲ ಪದ ಬಿಡಿಸಿದ್ದು 1961ರಲ್ಲಿ. ಅಂದರೆ ಬರಹದ ಲಿಪಿಯನ್ನು ಓದಲು ಬರುವ ಮೊದಲೇ, ಬರಹದ ತಪ್ಪು ಯಾವ ಅಮೈನೋ ಆಮ್ಲವನ್ನು ಬದಲಿಸಿದೆ ಎಂಬುದು ತಿಳಿದಿತ್ತು!

ಈಗ ‘ಪ್ರಬಲ’ ಎಂಬ ಪದಕ್ಕೆ ಬರೋಣ. ಇದೇ ಒಂದು ಜೀನಿನ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಬೇರೆ ಬೇರೆ ಉತ್ತರಗಳು ಬರುತ್ತವೆ. ಕಾಯಿಲೆ ಇದೆಯೇ ಎಂದು ಕೇಳಿದರೆ ಕುಡುಗೋಲು ಜೀನ್ ದುರ್ಬಲ, ಏಕೆಂದರೆ ಜೊತೆಗೆ ಒಂದು ಸಾಮಾನ್ಯ ಪ್ರತಿ ಇದ್ದರೆ ಕಾಯಿಲೆಯಿಲ್ಲ. ರಕ್ತದಲ್ಲಿ ಯಾವ ಹಿಮೋಗ್ಲೋಬಿನ್ ಇದೆ ಎಂದರೆ ಎರಡೂ ಸಮ ಪ್ರಬಲ. ಆಮ್ಲಜನಕವನ್ನು ತೀರಾ ಕಡಿಮೆ ಮಾಡಿದರೆ ಕಣಗಳು ಬಾಗುತ್ತವೆಯೇ ಎಂದರೆ ವಾಹಕರದ್ದು ನಡುವಣ ಸ್ಥಿತಿ. ಫಾಲ್ಸಿಪಾರಂ ಮಲೇರಿಯಾದ ತೀವ್ರ ರೂಪದಿಂದ ರಕ್ಷಣೆ ಇದೆಯೇ ಎಂದರೆ ಒಂದೇ ಪ್ರತಿ ಸಾಕು, ಇಲ್ಲಿ ಕುಡುಗೋಲು ಜೀನೇ ಪ್ರಬಲ. ಆಂಥನಿ ಆಲಿಸನ್ ಅವರು ಪೂರ್ವ ಆಫ್ರಿಕಾದಲ್ಲಿ ಮಾಡಿದ ಅಧ್ಯಯನದಿಂದ 1954ರಲ್ಲಿ ಈ ರಕ್ಷಣೆಯನ್ನು ತೋರಿಸಿದರು. ಜೀನ್ ಒಂದೇ, ಅಕ್ಷರ ಒಂದೇ. ನಾವು ಯಾವ ಮಟ್ಟದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ಪ್ರಬಲತೆ ಎಂಬುದು ಡಿಎನ್‌ಎಯೊಳಗಿನ ಒಂದು ಶಕ್ತಿಯಲ್ಲ. ‘ಅಡಗಿಸಿಡುತ್ತದೆ’ ಎಂಬ ಕ್ರಿಯಾಪದವನ್ನು ನಮ್ಮ ಪಾಠಗಳಿಂದ ಕೈಬಿಡಬೇಕೆಂದು ನಾನು ಹಲವು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ.

ಉತ್ತರ: ಪ್ರಯೋಗಾಲಯ ತಂತ್ರಜ್ಞೆ, ಚಾಮರಾಜನಗರ ಜಿಲ್ಲೆ

ಗುರುಗಳು ಹೇಳಿದ್ದಕ್ಕೆ ನಾನು ಪ್ರತಿದಿನ ಕಣ್ಣಾರೆ ನೋಡುವುದನ್ನು ಸೇರಿಸುತ್ತೇನೆ. ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾಯಿತು. ದಕ್ಷಿಣದ ಕಾಡಂಚಿನ ಜನರಲ್ಲಿ ಈ ಜೀನ್ ಇರುವುದು ಮಾತ್ರ ಹೊಸ ವಿಷಯವಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ ಅದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು 1952ರಲ್ಲೇ ವರದಿ ಮಾಡಿದ್ದರು.

ಹಾಡಿಗಳಲ್ಲಿ ಮೊದಲು ಮಾಡುವ ಪರೀಕ್ಷೆಗಳಲ್ಲಿ ಒಂದು ಕರಗುವಿಕೆಯ ಪರೀಕ್ಷೆ. ಬೆರಳಿನಿಂದ ತೆಗೆದ ಸ್ವಲ್ಪ ರಕ್ತವನ್ನು, ಕಣಗಳನ್ನು ಒಡೆಯುವ ಮತ್ತು ಆಮ್ಲಜನಕವನ್ನು ಕಸಿಯುವ ರಾಸಾಯನಿಕಗಳಿರುವ ದ್ರಾವಣಕ್ಕೆ ಹಾಕುತ್ತೇವೆ. ಆಮ್ಲಜನಕ ಕಳೆದುಕೊಂಡ ಕುಡುಗೋಲು ಹಿಮೋಗ್ಲೋಬಿನ್ ಆ ದ್ರಾವಣದಲ್ಲಿ ಕರಗದೆ ಉಳಿಯುವುದರಿಂದ ಅದು ಮಬ್ಬಾಗುತ್ತದೆ, ನಳಿಕೆಯ ಹಿಂದೆ ಹಿಡಿದ ಕಾಗದದ ಕಪ್ಪು ಗೆರೆಗಳು ಕಾಣುವುದಿಲ್ಲ. ಸಾಮಾನ್ಯ ರಕ್ತವಾದರೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ವಾಹಕರ ರಕ್ತದಲ್ಲೂ ನಳಿಕೆ ಮಬ್ಬಾಗುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿನಿಗೆ ಹೇಳಿ. ಅಡಗಿರುವ ವಸ್ತು ನಳಿಕೆಯನ್ನು ಮಬ್ಬಾಗಿಸಲಾರದು. ಇದೇ ಕಾರಣಕ್ಕೆ ಈ ಪರೀಕ್ಷೆಯಿಂದ ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸಲಾಗದು. ಅದಕ್ಕಾಗಿ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಬೇಕು. ಎಚ್‌ಪಿಎಲ್‌ಸಿಯ ಹಾಳೆಯಲ್ಲಿ ವಾಹಕರಿಗೆ ಎರಡು ದೊಡ್ಡ ಶಿಖರಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಮೊದಲ ಸಲ ಆ ಹಾಳೆಯನ್ನು ನೋಡಿದಾಗ, ತಂದೆತಾಯಿ ಇಬ್ಬರ ಕೊಡುಗೆಯೂ ಒಂದೇ ಕಾಗದದ ಮೇಲೆ ಕಂಡಿತಲ್ಲ ಎಂದು ನಾನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದೆ.

ಇನ್ನೊಂದು ಮಾತು. ನವಜಾತ ಶಿಶುಗಳಿಗೆ ನಳಿಕೆಯ ಪರೀಕ್ಷೆಯನ್ನು ನೆಚ್ಚಲಾಗದು. ಹುಟ್ಟುವಾಗ ಮಗುವಿನಲ್ಲಿ ಇರುವುದು ಹೆಚ್ಚಾಗಿ ಭ್ರೂಣದ ಹಿಮೋಗ್ಲೋಬಿನ್. ಅದರಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಸರಪಳಿ ಇರುತ್ತದೆ. ಬೀಟಾ ಜೀನಿನ ಓದು ಜೋರಾಗುವುದು ಹುಟ್ಟಿದ ನಂತರದ ತಿಂಗಳುಗಳಲ್ಲಿ. ಕಾಯಿಲೆಯ ಲಕ್ಷಣಗಳು ಮೊದಲ ಕೆಲವು ತಿಂಗಳು ಕಾಣದಿರುವುದೂ ಇದರಿಂದಲೇ. ನಮ್ಮ ದೇಶದ ಅನೇಕ ರೋಗಿಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸ್ವಲ್ಪ ಹೆಚ್ಚಾಗಿಯೇ ಉಳಿದು, ನಾರು ಕಟ್ಟುವುದನ್ನು ತಡೆದು, ನೋವಿನ ತೀವ್ರತೆಯನ್ನು ತಗ್ಗಿಸುತ್ತದೆ. ಎಲ್ಲರಿಗೂ ಆ ಅದೃಷ್ಟವಿಲ್ಲ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗುರುಗಳೇ, ಎರಡು ಸಂದೇಹಗಳು ಉಳಿದಿವೆ. ನೀವು ಏಳನೇ ಪದ ಎಂದಿದ್ದೀರಿ. ನಾನು ಓದಿದ ಕಡೆಯೆಲ್ಲ ಆರನೇ ಅಮೈನೋ ಆಮ್ಲ ಎಂದಿದೆ. ಮತ್ತೆ, ಕುಡುಗೋಲು ಕಣದಲ್ಲಿ ಎರಡೂ ಜೀನ್‌ಗಳು ಕೆಲಸ ಮಾಡುತ್ತವೆ ಎಂಬುದನ್ನು ಒಪ್ಪಿದೆ. ಆದರೆ ಬಟಾಣಿಯಲ್ಲಿ ದುಂಡು ಕಾಳು, ಸುಕ್ಕು ಕಾಳು ಎಂಬ ಎರಡೇ ಬಗೆಗಳು ಕಾಣುತ್ತವಲ್ಲ, ನಡುವಿನದ್ದಿಲ್ಲವಲ್ಲ? ಅಲ್ಲಾದರೂ ಒಂದು ಮತ್ತೊಂದನ್ನು ಅಡಗಿಸುತ್ತದೆ ಎನ್ನಬಹುದೇ?

ಉತ್ತರ: ಜೀವರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ, ಮೈಸೂರು

ಎರಡು ಲೆಕ್ಕವೂ ಸರಿ, ಮೇಡಂ. ಆರಂಭದ ಮೀಥಿಯೊನಿನ್‌ ಅನ್ನು ಸರಪಳಿ ಬೆಳೆಯುತ್ತಿರುವಾಗಲೇ ಕತ್ತರಿಸಿ ತೆಗೆಯಲಾಗುತ್ತದೆ. ಎಂಆರ್‌ಎನ್‌ಎಯ ಪದಗಳನ್ನು ಎಣಿಸಿದರೆ ಏಳನೆಯದು, ಸಿದ್ಧವಾದ ಪ್ರೋಟೀನಿನಲ್ಲಿ ಎಣಿಸಿದರೆ ಆರನೆಯದು.

ಬಟಾಣಿಯ ಉತ್ತರ ಇನ್ನೂ ಸೊಗಸಾಗಿದೆ. ಮೆಂಡೆಲನು ಎಣಿಸಿದ 7324 ಕಾಳುಗಳಲ್ಲಿ 5474 ದುಂಡು, 1850 ಸುಕ್ಕು. ಈ ಸುಕ್ಕಿನ ಹಿಂದಿನ ಜೀನ್ ಯಾವುದೆಂದು ತಿಳಿದದ್ದು 1990ರಲ್ಲಿ. ಪಿಷ್ಟಕ್ಕೆ ಕವಲುಗಳನ್ನು ಕೂಡಿಸುವ ಒಂದು ಕಿಣ್ವದ ಜೀನ್ ಅದು. ಸುಕ್ಕು ಬಗೆಯಲ್ಲಿ ಆ ಜೀನಿನೊಳಗೆ ಸುಮಾರು 800 ಅಕ್ಷರಗಳ ಹೊರಗಿನ ತುಂಡೊಂದು ಬಂದು ಸೇರಿಕೊಂಡಿದೆ, ಹಾಗಾಗಿ ಸರಿಯಾದ ಕಿಣ್ವ ತಯಾರಾಗುವುದಿಲ್ಲ. ಪಿಷ್ಟವಾಗದ ಸಕ್ಕರೆ ಕಾಳಿನಲ್ಲಿ ಉಳಿದು, ಎಳೆಯ ಕಾಳು ಹೆಚ್ಚು ನೀರನ್ನು ಹೀರಿಕೊಂಡು ಉಬ್ಬುತ್ತದೆ. ಒಣಗುವಾಗ ನೀರು ಹೋಗಿ ಸಿಪ್ಪೆ ಸುಕ್ಕಾಗುತ್ತದೆ. ಎರಡೂ ಬಗೆಯ ಪ್ರತಿಗಳಿರುವ ಕಾಳಿನಲ್ಲಿ ಒಂದು ಒಳ್ಳೆಯ ಪ್ರತಿಯಿಂದ ಬರುವ ಕಿಣ್ವವೇ ಕಾಳು ದುಂಡಗಾಗುವುದಕ್ಕೆ ಸಾಕಾಗುತ್ತದೆ. ಅಲ್ಲಿ ಅಡಗಿಸುವ ಕೆಲಸವನ್ನು ಯಾರೂ ಮಾಡುತ್ತಿಲ್ಲ. ಒಂದು ಪ್ರತಿ ಕೆಲಸ ಮಾಡುತ್ತಿದೆ, ಇನ್ನೊಂದಕ್ಕೆ ಕೊಡಲು ಏನೂ ಇಲ್ಲ. ಅದೇ ಕಾಳಿನ ಪಿಷ್ಟದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀವು ಹುಡುಕುತ್ತಿರುವ ನಡುವಿನ ರೂಪ ಅಲ್ಲಿ ಕಾಣುತ್ತದೆ.

ತರಗತಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ರಕ್ತದ ಗುಂಪು. ‘ಎ’ ಜೀನಿನ ಕಿಣ್ವವು ಕೆಂಪುಕಣದ ಮೈಮೇಲೆ ಒಂದು ಬಗೆಯ ಸಕ್ಕರೆಯನ್ನು ಅಂಟಿಸುತ್ತದೆ, ‘ಬಿ’ ಜೀನಿನದು ಇನ್ನೊಂದು ಬಗೆಯದನ್ನು. ಸಾಮಾನ್ಯವಾಗಿ ಕಾಣುವ ‘ಓ’ ಜೀನಿನಲ್ಲಿ ಒಂದು ಅಕ್ಷರ, ಒಂದು ಜಿ, ಬಿಟ್ಟುಹೋಗಿದೆ. ಮೂರು ಮೂರಾಗಿ ಓದುವ ರೈಬೋಸೋಮಿಗೆ ಅಲ್ಲಿಂದ ಮುಂದಿನ ಪದಗಳೆಲ್ಲ ತಪ್ಪಾಗಿ ಒಡೆಯುತ್ತವೆ, ಬೇಗನೆ ‘ನಿಲ್ಲಿಸು’ ಎಂಬ ಪದ ಎದುರಾಗಿ ಸರಪಳಿ ಅರ್ಧಕ್ಕೇ ನಿಲ್ಲುತ್ತದೆ. ಮಕ್ಕಳಿಗೆ “ಅವರ ಮಗಳು ಮನೆಗೆ ಬರಲಿ” ಎಂದು ಬರೆದು, ಮೂರು ಮೂರು ಅಕ್ಷರಗಳಾಗಿಯೇ ಓದಬೇಕೆಂಬ ನಿಯಮ ಹಾಕಿ ‘ಅವರಮಗಳುಮನೆಗೆಬರಲಿ’ ಎಂದು ಒತ್ತಾಗಿ ಬರೆಯಿಸಿ, ಮೊದಲಿನ ಒಂದು ಅಕ್ಷರವನ್ನು ಅಳಿಸಿ ಓದಿಸಿ ನೋಡಿ. ಅರ್ಥ ಹೇಗೆ ಚದುರುತ್ತದೆಂದು ತಾವೇ ಕಂಡುಕೊಳ್ಳುತ್ತಾರೆ. ‘ಎ’ ಮತ್ತು ‘ಓ’ ಎರಡೂ ಇರುವವರ ಗುಂಪು ‘ಎ’ ಆಗುವುದು, ‘ಎ’ ಮತ್ತು ‘ಬಿ’ ಇರುವವರದು ‘ಎಬಿ’ ಆಗುವುದು, ಎರಡೂ ಈ ಒಂದೇ ವಿವರಣೆಯಿಂದ ತಿಳಿಯಾಗುತ್ತವೆ.

ಅಕ್ಷರ ಬದಲಾದರೂ ಏನೂ ಆಗದ ಸಂದರ್ಭಗಳೂ ಇವೆ. ಆ ಏಳನೇ ಪದ ಜಿಎಜಿ ಬದಲು ಜಿಎಎ ಆಗಿದ್ದರೆ ಬರುತ್ತಿದ್ದದ್ದು ಅದೇ ಗ್ಲುಟಾಮಿಕ್ ಆಮ್ಲ.

ಪ್ರಶ್ನೆ ಕೇಳಿದವರು

ಇವತ್ತು ಆಕೆಯನ್ನು ಕೂರಿಸಿಕೊಂಡು, ಹಲಗೆಯ ಮೇಲೆ 11ನೇ ವರ್ಣತಂತುವಿನ ಜೋಡಿಯನ್ನು ಬರೆದು, ಎರಡರಿಂದಲೂ ಬಾಣದ ಗುರುತು ಎಳೆದು, ಒಂದೇ ಕೆಂಪುಕಣದೊಳಗೆ ಎರಡು ಬಣ್ಣದ ಚುಕ್ಕೆಗಳನ್ನಿಟ್ಟೆ. ಬಹಳ ಹೊತ್ತು ನೋಡಿ, “ಹಾಗಾದರೆ ಎರಡೂ ನನ್ನವೇ” ಎಂದಳು. ಆಮೇಲೆ ನಾಲ್ಕು ಚೌಕದ ಕೋಷ್ಟಕವನ್ನು ತಾನೇ ಬರೆದು, ಇಬ್ಬರು ವಾಹಕರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಎಂದು ತೋರಿಸಿದಳು. ಮೊದಲ ಮಗುವಿಗೆ ಬಂದರೆ ಉಳಿದ ಮೂವರಿಗೆ ಬರುವುದಿಲ್ಲ ಎಂಬ ತಪ್ಪು ತಿಳಿವಳಿಕೆಯನ್ನು ಕೂಡಲೇ ತಿದ್ದಿದೆ. ಕೊನೆಗೆ ಆಕೆ ಕೇಳಿದ್ದು: ಮುಂದೆ ಮದುವೆಯ ಸಮಯದಲ್ಲಿ ಹುಡುಗನ ನಳಿಕೆ ಪರೀಕ್ಷೆ ಸರಿಯಾಗಿ ಬಂದರೆ ಅಷ್ಟು ಸಾಕಲ್ಲವೇ?

ಉತ್ತರ: ಪ್ರಯೋಗಾಲಯ ತಂತ್ರಜ್ಞೆ, ಚಾಮರಾಜನಗರ ಜಿಲ್ಲೆ

ಸಾಲದು, ಮೇಡಂ, ಆಕೆ ಇದನ್ನು ಕೇಳಿದ್ದೇ ಒಳ್ಳೆಯದಾಯಿತು. ಬೀಟಾ ಥಲಸ್ಸೀಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದ ಕಾಯಿಲೆಯ ವಾಹಕರಲ್ಲಿ ಕುಡುಗೋಲು ಹಿಮೋಗ್ಲೋಬಿನ್ ಇರುವುದಿಲ್ಲ, ಆದ್ದರಿಂದ ನಳಿಕೆ ತಿಳಿಯಾಗಿಯೇ ಇರುತ್ತದೆ. ಅವರಲ್ಲಿ ತೊಂದರೆ ಇರುವುದು ಅದೇ ಬೀಟಾ ಜೀನಿನಲ್ಲಿ, ಆದರೆ ಬೇರೆ ಜಾಗದಲ್ಲಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಬಗೆಯಲ್ಲಿ, ಗುರುಗಳು ಹೇಳಿದ ಕತ್ತರಿಸಿ ತೆಗೆಯುವ ಭಾಗಗಳ ಪೈಕಿ ಮೊದಲನೆಯದರ ಐದನೇ ಅಕ್ಷರ ಜಿ ಬದಲು ಸಿ ಆಗಿರುತ್ತದೆ. ಆಗ ಕತ್ತರಿ ಬೀಳಬೇಕಾದ ಜಾಗದಲ್ಲಿ ಸರಿಯಾಗಿ ಬೀಳದೆ, ಸರಿಯಾದ ಬೀಟಾ ಸರಪಳಿ ತೀರಾ ಕಡಿಮೆ ತಯಾರಾಗುತ್ತದೆ. ತಾಯಿಯಿಂದ ಕುಡುಗೋಲು ಪ್ರತಿಯೂ ತಂದೆಯಿಂದ ಇಂತಹ ಪ್ರತಿಯೂ ಬಂದ ಮಗುವಿನಲ್ಲಿ ಬೆರಕೆಯಾಗಲು ಸಾಮಾನ್ಯ ಹಿಮೋಗ್ಲೋಬಿನ್ ಸಾಕಷ್ಟು ಇರುವುದಿಲ್ಲ, ಹಾಗಾಗಿ ಮಗುವಿಗೆ ಕುಡುಗೋಲು ಕಣದ ಕಾಯಿಲೆಯೇ ಬರುತ್ತದೆ. ಆದ್ದರಿಂದ ಹುಡುಗನಿಗೂ ಎಚ್‌ಪಿಎಲ್‌ಸಿಯನ್ನೇ ಮಾಡಿಸಬೇಕು, ಅದರಲ್ಲಿ ಎ2 ಎಂಬ ಹಿಮೋಗ್ಲೋಬಿನ್‌ನ ಪ್ರಮಾಣವನ್ನು ನೋಡಬೇಕು. ಸಾಮಾನ್ಯವಾಗಿ ಅದು ಶೇ. 3.5ಕ್ಕಿಂತ ಕಡಿಮೆ ಇರುತ್ತದೆ. ಥಲಸ್ಸೀಮಿಯಾ ವಾಹಕರಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಈ ಮಾತನ್ನು ಆಕೆಯ ಕಾರ್ಡಿನ ಜೊತೆಗೆ ಒಂದು ಚೀಟಿಯಲ್ಲಿ ಬರೆದು ಕೊಡಿ, ಮನೆಯವರೂ ಓದಲಿ.